ಎಲ್ಲಾ ಕಿಟಕಿ ಮುಚ್ಚಿದೆ

ಬಣಕಲ್
9 ಜೂನ್ 2024

ಬುಷ್ರಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತೆ. ಹರಿದು ಹಾಕುವ ಮೊದಲು ಒಂದು ಸಲ ಓದು. ಎರಡು ವರ್ಷ ಮಾತು ಬಿಟ್ಟವಳು ಈಗ ಬರೆದಿದ್ದಾಳೆ ಅಂದರೆ ಏನೋ ಬೇಕಾಗಿದೆ ಅಂತ ಅಂದುಕೊಳ್ಳುತ್ತೀಯ. ಹೌದು, ಬೇಕಾಗಿದೆ.

ಮೇ ತಿಂಗಳಲ್ಲಿ ನನಗೆ ಹೆಣ್ಣು ಮಗುವಾಯಿತು. ಅಮ್ಮ ಇಲ್ಲವಲ್ಲ, ಬಾಣಂತನ ಗಂಡನ ಮನೆಯಲ್ಲೇ. ಅತ್ತೆ ತುಂಗಮ್ಮನವರೇ ಮಾಡುತ್ತಿದ್ದಾರೆ. ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವುದಕ್ಕೆ ತೋಟದ ಕೂಲಿಯವರ ಲೈನ್ ಮನೆಯಿಂದ ಮರಿಯಮ್ಮ ಬರುತ್ತಾಳೆ. ಈ ಕಾಗದ ಅವಳ ಸೆರಗಿನೊಳಗೆ ಹೊರಗೆ ಹೋಗುತ್ತಿದೆ. ಬರೆಯುವುದಾದರೆ ಅವಳ ಹೆಸರಿಗೇ ಬರಿ. ನನಗೆ ಫೋನಿಲ್ಲ. ಯಾಕಿಲ್ಲ ಅಂತ ಹೇಳುತ್ತೇನೆ.

ವೀರೇಂದ್ರ ತೋಟದ ನೆತ್ತಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ಪೂರ್ತಿ ಕಾಂಕ್ರೀಟು. ಕಿಟಕಿಗಳಿಗೆ ಎರಡು ಪದರದ ಗಾಜು, ಸುತ್ತ ರಬ್ಬರು, ಇರುವೆ ನುಗ್ಗದಷ್ಟು ಬಿಗಿ. ಬಟ್ಟೆಗೆ ಬೂಷ್ಟು ಹಿಡಿಯಬಾರದು, ಮಗುವಿಗೆ ಶೀತ ಆಗಬಾರದು ಅಂತ ಮಾಡಿನ ಕೆಳಗೆ ಒಂದು ಗಾಳಿ ಮಷೀನು ಕೂರಿಸಿದ್ದಾರೆ. ಅದೇ ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಒಣಗಿಸಿ ಪ್ರತಿ ರೂಮಿನ ಜಾಲರಿಯಿಂದ ಬಿಡುತ್ತೆ. ಅಡಿಗೆಮನೆ, ಬಚ್ಚಲಿನ ಹಳೆ ಗಾಳಿಯನ್ನು ಆಚೆ ತಳ್ಳುತ್ತೆ. ಹಗಲೂ ರಾತ್ರಿ ಹುಂ ಅನ್ನುತ್ತಿರುತ್ತೆ. ಹೊರಗೆ ಮಳೆ ಹೊಡೆಯುತ್ತಿದ್ದರೆ ಒಳಗೆ ಕೇಳುವುದಿಲ್ಲ. ಗಾಜಿನ ಮೇಲೆ ನೀರು ಇಳಿಯುವುದು ಕಾಣುತ್ತೆ ಅಷ್ಟೆ, ಟಿವಿಯ ಸದ್ದು ತೆಗೆದ ಹಾಗೆ.

ಎಲ್ಲಿಯಾದರೂ ಒಂದು ಕಿಟಕಿ ತೆಗೆದರೆ ಆ ಹುಂಕಾರ ಇಡೀ ಮನೆಯಲ್ಲಿ ನಿಲ್ಲುತ್ತೆ. ಯಾವ ಕಿಟಕಿ ಅಂತ ವೀರೇಂದ್ರರ ಫೋನಿಗೆ ಸುದ್ದಿ ಹೋಗುತ್ತೆ.

ಮೊನ್ನೆ ಬಚ್ಚಲಲ್ಲಿ ಮಗುವಿನ ಬಟ್ಟೆ ಒಗೆಯುವಾಗ ಉಸಿರು ಕಟ್ಟಿದ ಹಾಗಾಯಿತು. ಗೇಣುದ್ದ ಕಿಟಕಿ ತೆಗೆದೆ. ಅವರು ಮೂಡಿಗೆರೆಯಲ್ಲಿದ್ದರು. ಅಲ್ಲಿಂದಲೇ ಫೋನು.

"ಮೇಘೂ, ಬಚ್ಚಲ ಕಿಟಕೀಲಿ ಯಾರ ಹತ್ರ ಮಾತಾಡ್ತಿದ್ದೀಯ ಚಿನ್ನಾ?"

ಮಾತು ಸಕ್ಕರೆ. ಮುಚ್ಚಿದೆ. ಮಷೀನು ಮತ್ತೆ ಶುರುವಾಯಿತು. ಜೀಪು ಬಂತು. ನನ್ನ ಫೋನನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಬಡಿದರು. ಆಮೇಲೆ ಅದೇ ಸಂದಿಗೆ ನನ್ನ ಕೈ ಇಟ್ಟರು. ಎಡಗೈ. ಬರೆಯುವ ಕೈ ಬಿಟ್ಟಿದ್ದಾರೆ, ಅದಕ್ಕೇ ಈ ಕಾಗದ.

ಊರಿಗೆಲ್ಲ ನನಗೆ ಬಾಣಂತಿ ಸನ್ನಿ ಅಂತ ಹೇಳಿಕೊಂಡು ಬಂದಿದ್ದಾರೆ. ಕಳಸದಲ್ಲಿ ಅಪ್ಪನಿಗೂ. ಅಪ್ಪ ಬಂದು ನನ್ನ ಬೆರಳಿನ ಪಟ್ಟಿ ನೋಡಿ, "ಬಾಗಿಲು ಹಾಕುವಾಗ ನಿಗಾ ಇರಲಿ ಮಗಳೇ" ಅಂದು ಕಾಫಿ ಕುಡಿದು ಹೋದರು. ಸನ್ನಿಯಲ್ಲ ಬುಷ್ರಾ. ನಿದ್ದೆ ಇಲ್ಲ, ಅಷ್ಟು ನಿಜ. ಮಗು ಮಲಗಿದರೂ ನಾನು ಮಲಗುವುದಿಲ್ಲ. ಅದರ ಮೂಗಿಗೆ ಕಿವಿ ಕೊಟ್ಟು ಕೂತಿರುತ್ತೇನೆ. ಮಗುವಿನ ಉಸಿರು ಯಾವುದು, ಮಷೀನಿನದು ಯಾವುದು ಅಂತ ಬೇರೆ ಮಾಡಲಾಗದೆ ಅದರ ಎದೆ ಮುಟ್ಟಿ ನೋಡುತ್ತೇನೆ.

ನೀನು ಚಿಕ್ಕಮಗಳೂರಲ್ಲಿ ಇಂಥದೇ ಮಷೀನು ಕೂರಿಸುವ ಕಡೆ ಕೆಲಸಕ್ಕಿದ್ದೀಯಂತೆ, ಮರಿಯಮ್ಮ ಹೇಳಿದಳು. ಕಿಟಕಿ ತೆಗೆದದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?

ನಿನ್ನ ತಮ್ಮ ಹಲ್ಲು ಕಟ್ಟಿಸಿಕೊಂಡನಾ?

ಹಾಸ್ಟೆಲಿನಲ್ಲಿ ನಿನ್ನ ಪಕ್ಕದ ಮಂಚದವಳು,
ಮೇಘಶ್ರೀ


ಚಿಕ್ಕಮಗಳೂರು
17 ಜೂನ್ 2024

ಮೇಘೀ,

ಹರಿದು ಹಾಕೋಣ ಅಂತಲೇ ಕೈಗೆ ತಗೊಂಡೆ. ಬಾಗಿಲ ಸಂದಿ ಓದಿದ ಮೇಲೆ ಆಗಲಿಲ್ಲ.

ಮುನ್ನಾ ಹಲ್ಲು ಕಟ್ಟಿಸಿಕೊಂಡಿದ್ದಾನೆ. ಜೀಪಿಗೆ ಗೀರು ಬಿತ್ತು ಅಂತ ನಿನ್ನ ಗಂಡ ಆಗೋನು ನಮ್ಮ ಬಣಕಲ್ಲಿನ ಗ್ಯಾರೇಜಿಗೆ ಬಂದು ವೀಲ್ ಸ್ಪ್ಯಾನರಿನಲ್ಲಿ ಬಾರಿಸಿದಾಗ ಬಿದ್ದ ಹಲ್ಲು. ಕಾಗದದಲ್ಲಿ ಕಟ್ಟಿಕೊಂಡು ಬಂದು ನಿನ್ನ ಮುಂದೆ ಬಿಚ್ಚಿಟ್ಟಿದ್ದೆ. ನೆನಪಿದೆಯಾ, ಏನಂದೆ? "ಅವರಿಗೆ ಸಿಟ್ಟು ಸ್ವಲ್ಪ ಜಾಸ್ತಿ ಕಣೇ, ಮನಸ್ಸು ಬಂಗಾರ." ಬಂಗಾರದ್ದು ಕಟ್ಟಿಸೋಕೆ ನಮಗೆ ಆಗಲಿಲ್ಲ ಮಾರಾಯ್ತಿ, ಸಾದಾದೇ ಕಟ್ಟಿಸಿದ್ವಿ.

ಬೈದಿದ್ದು ಮುಗೀತು. ಈಗ ಕೇಳು.

ಕಿಟಕಿ ಚೌಕಟ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ ಇರುತ್ತೆ ನೋಡು. ತೆಗೆಯುವ ರೆಕ್ಕೆಯಲ್ಲಿ ಒಂದು ಚೂರು ಆಯಸ್ಕಾಂತ. ಎರಡೂ ಹತ್ತಿರ ಇದ್ದರೆ ಮುಚ್ಚಿದೆ, ದೂರ ಆದರೆ ತೆರೆದಿದೆ. ಅದರ ಬುದ್ಧಿ ಅಷ್ಟೇ, ಕಣ್ಣಿಲ್ಲ. ಕಿಟಕಿ ತೆರೆದಿದ್ದರೆ ಒಣಗಿಸಿದ ಗಾಳಿಯೆಲ್ಲ ಆಚೆ ಹೋಗಿ ಕರೆಂಟು ದಂಡ, ಅದಕ್ಕೆ ಮಷೀನು ತಾನಾಗಿ ನಿಲ್ಲುತ್ತೆ. ಮನೆಯವರು ಮರೆತು ಕಿಟಕಿ ಬಿಟ್ಟು ಹೋದರೆ ನೆನಪಾಗಲಿ ಅಂತ ಫೋನಿಗೆ ಸುದ್ದಿ. ಹೆಂಡತಿ ಕಾಯೋಕೆ ಅಂತ ಯಾರೂ ಮಾಡಿದ್ದಲ್ಲ.

ಲಕೋಟೆಯಲ್ಲಿ ಒಂದು ಕಪ್ಪು ಬಿಲ್ಲೆ ಇದೆ. ಮುನ್ನಾ ಹಳೇ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ. ಬಿಳಿ ಡಬ್ಬಿಗೆ ಅಂಟಿಸು. ಆಮೇಲೆ ರೆಕ್ಕೆ ತೆಗೆದರೂ ಮುಚ್ಚಿದೆ ಅಂತಲೇ ನಂಬುತ್ತೆ. ಆದರೆ ಬಹಳ ಹೊತ್ತು ಬೇಡ. ಮಳೆಗಾಲದ ಒದ್ದೆ ಗಾಳಿ ಒಳಗೆ ಬಂದರೆ ಮಷೀನು ಒಣಗಿಸೋಕೆ ಹೆಣಗುತ್ತೆ, ತಣ್ಣಗಿರೋ ಜಾಲರಿ ಮೇಲೆ ನೀರು ಕೂತು ತೊಟ್ಟಿಕ್ಕುತ್ತೆ. ಮಷೀನಿಗೆ ಕಣ್ಣಿಲ್ಲ, ನಿನ್ನ ಗಂಡನಿಗಿದೆ.

ಇನ್ನೊಂದು. ನಿಮ್ಮಲ್ಲಿ ಬಾಣಂತಿ ಮಂಚದ ಕೆಳಗೆ ಕೆಂಡ ಇಡ್ತಾರಲ್ಲ, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕ್ತಾರಲ್ಲ. ಹೆಂಚಿನ ಮನೆಯಲ್ಲಿ ನಡೀತಿತ್ತು, ಸಂದಿಗೊಂದು ಗಾಳಿ. ನಿಮ್ಮ ಡಬ್ಬಿ ಮನೆಯಲ್ಲಿ ಮಷೀನು ನಿಂತಾಗ ಕೆಂಡ ಇದ್ದರೆ ಅದರ ವಿಷಗಾಳಿಗೆ ಹೋಗೋಕೆ ದಾರಿ ಇಲ್ಲ. ವಾಸನೆ ಬರಲ್ಲ, ಕೆಮ್ಮು ಬರಲ್ಲ, ತಲೆ ಭಾರ ಆಗಿ ನಿದ್ದೆ ಬರುತ್ತೆ. ಆ ನಿದ್ದೆಯಿಂದ ಏಳೋದಿಲ್ಲ. ಅತ್ತೆಗೆ ಹೇಳು.

ಕೊನೇದು. ಕಿಟಕಿ ಯಾಕೇ? ಬಾಗಿಲಿಂದ ಬಾ. ಮರಿಯಮ್ಮನ ಕೈಯಲ್ಲಿ ಹೇಳಿ ಕಳಿಸು, ಮುನ್ನಾ ಜೀಪು ತರ್ತಾನೆ. ಹಲ್ಲಿನ ವಿಷಯ ಅವನು ಎತ್ತಲ್ಲ. ನಾನು ಎತ್ತುತ್ತೇನೆ, ಜೀವ ಇರೋ ತನಕ.

ಬುಷ್ರಾ


ಬಣಕಲ್
4 ಜುಲೈ 2024

ಬುಷ್ರಾ,

ಬಿಲ್ಲೆ ಅಂಟಿಸಿದೆ. ರೆಕ್ಕೆಗೆ ಕೈ ಇಟ್ಟಾಗ ಎದೆ ಎಷ್ಟು ಹೊಡೆದುಕೊಂಡಿತು ಅಂದರೆ ಹೊಟ್ಟೆಗೆ ಕಟ್ಟಿದ ಬಟ್ಟೆ ಕುಣಿಯುತ್ತಿತ್ತು. ತೆಗೆದೆ. ಹುಂ ನಿಲ್ಲಲಿಲ್ಲ. ಒಳಗೆ ಮಳೆಯ ಸದ್ದು ಬಂತು. ಕೊಳೆತ ಹಲಸು, ಸಿಲ್ವರ್ ಓಕಿನ ಒದ್ದೆ ಎಲೆ, ಯಾರದೋ ಒಲೆಯ ಹೊಗೆ, ಎಲ್ಲಾ ವಾಸನೆ ಒಟ್ಟಿಗೆ ನುಗ್ಗಿತು. ಮಗು ಸೀನಿತು. ಹುಟ್ಟಿದ ಮೇಲೆ ಅದು ಮೊದಲ ಸಲ ಮಳೆ ಕೇಳಿದ್ದು. ಕಣ್ಣು ಅಗಲ ಮಾಡಿ ನನ್ನನ್ನೇ ನೋಡಿತು, ಇದನ್ನೆಲ್ಲ ಯಾಕೆ ಬಚ್ಚಿಟ್ಟಿದ್ದೆ ಅನ್ನುವ ಹಾಗೆ.

ಅತ್ತೆ ಬಂದದ್ದು ಗೊತ್ತಾಗಲೇ ಇಲ್ಲ. ಬೆನ್ನ ಹಿಂದೆ ನಿಂತಿದ್ದರು. ಕೂಗುತ್ತಾರೆ ಅಂದುಕೊಂಡೆ. ಅವರು ಕಿಟಕಿಗೆ ಮುಖ ಕೊಟ್ಟು, "ನಿಮ್ಮ ಮಾವನ ಕಾಲದಲ್ಲಿ ಫೋನು ಇರ್ಲಿಲ್ಲ. ಅವರಿಗೆ ಕಿವಿ ಇತ್ತು. ಚಿಲಕ ಅಲ್ಲಾಡಿದ್ರೆ ತೋಟದ ಆ ತುದೀಲಿ ಕೇಳಿಸ್ತಿತ್ತು" ಅಂದರು. ಅವರ ಬಲಗಿವಿ ಕೇಳುವುದಿಲ್ಲ. ಹುಟ್ಟಿನಿಂದಲೇ ಇರಬೇಕು ಅಂದುಕೊಂಡಿದ್ದೆ.

ಕೆಂಡದ ವಿಷಯ ಹೇಳಿದೆ. ನಕ್ಕರು. "ನಿನ್ನ ಗಂಡನಿಗೂ ಇದೇ ಬಾಣಲೆಯಲ್ಲಿ ಹೊಗೆ ಹಾಕಿದ್ದು. ಸತ್ತನಾ?" ಆಮೇಲೆ ತಾವೇ ತಗ್ಗಿದ ದನಿಯಲ್ಲಿ, "ಮಷೀನು ಓಡ್ತಾ ಇದೆಯಲ್ಲ, ಬಿಡು" ಅಂದರು. ಅದೂ ನಿಜ. ಓಡುತ್ತಿರುವಾಗ ಏನೂ ಆಗಿಲ್ಲ.

ಹೋದ ವಾರ ತೊಟ್ಟಿಲು ಶಾಸ್ತ್ರ ಆಯಿತು. ಕೃತಿಕಾ ಅಂತ ಹೆಸರು. ನಮ್ಮಲ್ಲಿ ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ, ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಅತ್ತೆ ಹಳೇ ಒರಳಿನ ಗುಂಡು ತಂದು, ನೀರು ಹಾಕಿ, ಕಾಡಿಗೆ ಇಟ್ಟು, ಉಲ್ಲನ್ ಟೋಪಿ ತೊಡಿಸಿದರು. ವೀರೇಂದ್ರ ಬಂದವರನ್ನೆಲ್ಲ ನಗಿಸಿದರು, ಕಲ್ಲು ಎತ್ತಿಕೊಂಡು "ಇವನು ಅಪ್ಪನ ಹಾಗೆ" ಅಂತ. ಅದೇ ಹೊತ್ತಿನಲ್ಲಿ, ನೆಂಟರ ಎದುರಿಗೇ, ಮುರಿದ ನನ್ನ ಬೆರಳುಗಳನ್ನು ತಮ್ಮ ಕೈಯೊಳಗೆ ಹಿಡಿದು ಮೆಲ್ಲಗೆ ಹಿಂಡುತ್ತಿದ್ದರು. ಫೋಟೋದಲ್ಲಿ ನಾನೂ ನಗುತ್ತಿದ್ದೇನೆ. ಕಲ್ಲು ಇನ್ನೂ ಟೋಪಿ ಹಾಕಿಕೊಂಡು ನನ್ನ ರೂಮಿನ ಮೂಲೆಯಲ್ಲಿ ಕೂತಿದೆ.

ಬಾಗಿಲಿಂದ ಬಾ ಅಂದೆ. ನಾನೊಬ್ಬಳೇ ಆಗಿದ್ದರೆ ಬರುತ್ತಿದ್ದೆ. "ಸನ್ನಿ ಹಿಡಿದೋಳ ಕೈಗೆ ಮಗು ಯಾವ ಕೋರ್ಟೂ ಕೊಡಲ್ಲ ಚಿನ್ನಾ" ಅಂತ ವೀರೇಂದ್ರ ದಿನಾ ಊಟದ ಹೊತ್ತಿನಲ್ಲಿ ಹೇಳುತ್ತಾರೆ, ಉಪ್ಪು ಕೊಡು ಅನ್ನುವ ಹಾಗೆ. ಮಗು ಬಿಟ್ಟು ಬರಲಾರೆ.

ಬೆಳಿಗ್ಗೆ ಹಣೆಯ ಮೇಲೆ ಏನೋ ತಣ್ಣಗೆ ಬಿತ್ತು. ಮೇಲೆ ನೋಡಿದೆ. ಜಾಲರಿಯ ತುದಿಯಲ್ಲಿ ಇನ್ನೊಂದು ಹನಿ ದಪ್ಪವಾಗುತ್ತಿತ್ತು. ಒರೆಸಿದೆ. ಮತ್ತೆ ಕೂತಿತು. ನಾಳೆಯಿಂದ ಕಿಟಕಿ ತೆಗೆಯುವುದಿಲ್ಲ ಅಂತ ಪ್ರತಿ ದಿನ ಅಂದುಕೊಳ್ಳುತ್ತೇನೆ.

ನಿನ್ನ
ಮೇಘೀ


ಬಣಕಲ್
20 ಜುಲೈ

ಬುಷ್ರಾ,

ಹನಿ ಅವನ ತಟ್ಟೆಗೆ ಬಿತ್ತು. ಮಗುವನ್ನು ನೋಡುತ್ತಾ ಊಟ ಮಾಡುತ್ತೇನೆ ಅಂತ ತಟ್ಟೆ ಹಿಡಿದು ನನ್ನ ರೂಮಿಗೆ ಬಂದಿದ್ದ. ಮೇಲೆ ನೋಡಿದ. ಸ್ಟೂಲು ತಂದು ಹತ್ತಿ ಜಾಲರಿ ಮುಟ್ಟಿದ. ಇಳಿದು ಕಿಟಕಿಯ ಸುತ್ತ ಬೆರಳಾಡಿಸಿದ. ಕಪ್ಪು ಬಿಲ್ಲೆ ಅವನ ಉಗುರಿಗೆ ಸಿಕ್ಕಿತು.

ಯಾರು ಕೊಟ್ಟದ್ದು ಅಂತ ಕೇಳಿದ. ನಾನು ಹೇಳಲಿಲ್ಲ. ಕೂದಲು ಹಿಡಿದು ನನ್ನ ಮುಖವನ್ನು ಗಾಜಿಗೆ ಹೊಡೆದ. ಪ್ರತಿ ಹೊಡೆತಕ್ಕೂ "ತೆರೆದಿದೆಯಾ? ಮುಚ್ಚಿದೆಯಾ?" ಅಂತ ಕೇಳುತ್ತಿದ್ದ. ಮುಚ್ಚಿದೆ ಅಂತ ನಾನು ಹೇಳುವ ತನಕ. ಹೇಳಿದ ಮೇಲೂ. ಗಾಜು ಒಡೆಯಲಿಲ್ಲ. ಒಳ್ಳೆಯ ಗಾಜು. ಮೂಗಿನ ರಕ್ತ ಅದರ ಮೇಲೆ ಇಳಿಯುತ್ತಿತ್ತು, ಆಚೆ ಮಳೆ ಇಳಿಯುತ್ತಿತ್ತು, ನಡುವೆ ಎರಡು ಪದರ.

ಆಮೇಲೆ ಡ್ರಿಲ್ ತಂದ. ರೆಕ್ಕೆಯನ್ನು ಚೌಕಟ್ಟಿಗೆ ಸೇರಿಸಿ ಸ್ಕ್ರೂ ಹೊಡೆದ. ಬಿಳಿ ಪುಡಿ ಮಗುವಿನ ತಲೆಯ ಮೇಲೆ ಉದುರುತ್ತಿತ್ತು. ಮಗು ಅತ್ತು ಅತ್ತು ದನಿ ಹೋಗಿ ಬರೀ ಬಾಯಿ ತೆಗೆಯುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವನು ಹೋದ ಮೇಲೆ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಮುಖಕ್ಕೆ ಇಟ್ಟರು.

ಈಗ ಮನೆಗೆ ಯಾರಾದರೂ ಬಂದರೆ ನನ್ನ ರೂಮಿಗೆ ಹೊರಗಿನಿಂದ ಚಿಲಕ. ಅವನು ಮಾತ್ರ ಮುಂದಿನ ಹಾಲಿನ ಕಿಟಕಿ ತೆಗೆದು ಸಿಗರೇಟು ಸೇದುತ್ತಾನೆ. ಹುಂ ನಿಲ್ಲುತ್ತೆ. ನಾನೇನೂ ಮಾಡಿರುವುದಿಲ್ಲ, ಆದರೂ ನಿಂತ ತಕ್ಷಣ ಅವನ ಹೆಜ್ಜೆಗೆ ಕಿವಿ ಕೊಟ್ಟು ಕೂರುತ್ತೇನೆ.

ಇನ್ನು ಬರೆಯಬೇಡ. ಮರಿಯಮ್ಮನ ಚೀಲ ನೋಡುತ್ತಿದ್ದಾನೆ.

ಮೇ.


ಚಿಕ್ಕಮಗಳೂರು
28 ಜುಲೈ

ಮೇಘೀ,

ಬರೀಬೇಡ ಅಂದೆ. ಬರೀತಿದ್ದೇನೆ. ಮರಿಯಮ್ಮ ಇದನ್ನ ಕೊಡದೆ ಒಲೆಗೆ ಹಾಕಿದರೂ ಸರಿ.

ಮೊನ್ನೆ ನಾನೂ ಮುನ್ನಾನೂ ನಿಮ್ಮ ಗೇಟಿಗೆ ಬಂದಿದ್ವಿ. ನಿನಗೆ ಗೊತ್ತಿರಲ್ಲ. ನಿನ್ನ ಗಂಡ ಕೊಡೆ ಹಿಡ್ಕೊಂಡು ತಾನೇ ಇಳಿದು ಬಂದ. "ಅಯ್ಯೋ ಬುಷ್ರಾ ಅವ್ರೇ, ಒಳ್ಳೇ ಹೊತ್ತಿಗೆ ಬಂದ್ರಿ, ಆದ್ರೆ ಡಾಕ್ಟ್ರು ಯಾರನ್ನೂ ನೋಡ್ಬಾರ್ದು ಅಂದಿದ್ದಾರೆ. ಸನ್ನಿ ನೋಡಿ, ಮಗುವಿನ ಕತ್ತಿಗೇ ಕೈ ಹಾಕ್ತಾಳೆ." ಕಣ್ಣಲ್ಲಿ ನೀರು ಬೇರೆ. ಒಂದು ಗಳಿಗೆ ನಾನೇ ನಂಬಿಬಿಡ್ತಿದ್ದೆ. ಮುನ್ನಾ ಗೇಟು ದೂಡಿದ. ನಿನ್ನ ಗಂಡ ನಾಯಿ ಬಿಟ್ಟ. ಮುನ್ನಾನ ಮೊಣಕಾಲ ಕೆಳಗೆ ಹೊಲಿಗೆ ಹಾಕಿಸಿದ್ದೇವೆ. ಈಗ ಹಲ್ಲಿನ ಜೊತೆ ಕಾಲೂ ಸೇರ್ತು ನಿನ್ನ ಲೆಕ್ಕಕ್ಕೆ.

ಠಾಣೆಗೆ ಹೋದ್ವಿ. ನಾಯಿ ಕಚ್ಚಿದ ದೂರು ತಗೊಂಡ್ರು. ನಿನ್ನ ವಿಷಯಕ್ಕೆ, ಆ ಮನೆಯೊಳಗಿನವರು ಯಾರಾದ್ರೂ ಹೇಳ್ಬೇಕು ಅಂದ್ರು.

ಆ ಮನೆಯೊಳಗೆ ನಿನ್ನನ್ನೂ ಅವನನ್ನೂ ಬಿಟ್ಟರೆ ಇರೋದು ನಿನ್ನ ಅತ್ತೆ ಒಬ್ಬರೇ.

ಬುಷ್ರಾ


ಚಿಕ್ಕಮಗಳೂರು
14 ಆಗಸ್ಟ್ 2024

ಅತ್ತೆಯವರಿಗೆ,

ನಾನೂ ಪುಟ್ಟಿಯೂ ಬುಷ್ರಾಳ ಮನೆಯಲ್ಲಿದ್ದೇವೆ. ಆಸ್ಪತ್ರೆಯಲ್ಲಿ ಅವಳಿಗೆ ಆಮ್ಲಜನಕ ಕೊಟ್ಟರು. ಈಗ ಹಾಲು ಕುಡಿಯುತ್ತಾಳೆ. ಮೊದಲು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಿ.

ಆ ದಿನದ್ದು ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಡುವೆ ಸ್ವಲ್ಪ ಹೊತ್ತು ನೀವು ಎಚ್ಚರದಲ್ಲಿ ಇರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಪುಟ್ಟಿಗೆ ನೀರು ಹಾಕಿ ಮರಿಯಮ್ಮ ಹೋಗಿದ್ದಳು. ನೀವು ಬಾಣಲೆಯಲ್ಲಿ ಕೆಂಡ ತಂದಿರಿ. ಗಾಳಿ ಬರಬಾರದು ಅಂತ ಬಾಗಿಲ ಕೆಳಗೆ ಹಳೇ ಸೀರೆ ತುರುಕಿದಿರಿ. ಅಷ್ಟರಲ್ಲಿ ಜೀಪುಗಳು ಬಂದವು, ಮೆಣಸಿನ ವ್ಯಾಪಾರದವರು. ಹೊರಗೆ ಚಿಲಕ ಬಿತ್ತು. ನೀವೂ ಒಳಗಿದ್ದೀರಿ ಅಂತ ಅವನು ನೋಡಲಿಲ್ಲ. ನೀವು ಕೂಗಲಿಲ್ಲ, ನನ್ನ ಮುಖ ನೋಡಿ "ಹೋಗ್ಲಿ, ಅವರು ಹೋದ ಮೇಲೆ ತೆಗೀತಾನೆ" ಅಂದಿರಿ. ನಿಮಗೆ ಅಭ್ಯಾಸವಿದ್ದ ಹಾಗಿತ್ತು.

ಆಮೇಲೆ ಮಷೀನು ನಿಂತಿತು. ಅವರು ಹಾಲಿನ ಕಿಟಕಿ ತೆಗೆದು ಸಿಗರೇಟು ಹಚ್ಚಿದ್ದರು. ಅತ್ತೆ, ನನಗೆ ಬುಷ್ರಾ ಎಚ್ಚರಿಸಿದ್ದಳು. ಬಿ.ಎಸ್ಸಿ. ಓದಿದ್ದೇನೆ, ಕೆಂಡದಿಂದ ಏನು ಬರುತ್ತೆ ಅಂತ ಗೊತ್ತಿತ್ತು. ಆದರೂ ಹುಂ ನಿಂತಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಈಗ ಬರುತ್ತಾನೆ, ಈಗ ಹೊಡೆಯುತ್ತಾನೆ. ಅವನ ಹೆಜ್ಜೆ ಕೇಳುತ್ತಾ ಮಲಗಿದ್ದೆ. ತಲೆ ಭಾರವಾಯಿತು. ಹೆದರಿಕೆಗೆ ಅಂದುಕೊಂಡೆ. ನೀವು ಕೆಂಡ ಊದುತ್ತಾ ಬಾಗಿದವರು ಹಾಗೇ ಮಂಚಕ್ಕೆ ಒರಗಿದಿರಿ. ಸುಸ್ತಾಗಿರಬೇಕು ಅಂದುಕೊಂಡೆ. ಪುಟ್ಟಿ ಎದೆ ಬಿಟ್ಟಳು. ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಷ್ಟು ಚೆನ್ನಾಗಿ ಕಾಣುತ್ತಾಳೆ ಅಂದುಕೊಂಡೆ! ಕೈ ಎತ್ತಿ ಬಿಟ್ಟೆ. ಒದ್ದೆ ಬಟ್ಟೆಯ ಹಾಗೆ ಬಿತ್ತು.

ಆಗ ಎದ್ದೆ. ಸ್ನಾನದ ನೀರು ಉಳಿದದ್ದನ್ನು ಕೆಂಡಕ್ಕೆ ಸುರಿದೆ. ಬಾಗಿಲು ಬಡಿದೆ. ಮೈಯೆಲ್ಲ ಬಿಟ್ಟು ಬಡಿದೆ. ಆ ಕಡೆಯಿಂದ ಯಾರೋ, "ಏನ್ ಸಾರ್ ಅದು?" ಅಂದರು. ಅವನ ದನಿ ಸ್ಪಷ್ಟವಾಗಿ ಕೇಳಿತು: "ಸನ್ನಿ ಸಾರ್, ಪಾಪ. ಸುಸ್ತಾಗಿ ಮಲಗ್ತಾಳೆ ಬಿಡಿ." ನಕ್ಕರು. ಕಿಟಕಿಗೆ ಸ್ಕ್ರೂ.

ಮೂಲೆಯಲ್ಲಿ ಗುಂಡುಕಲ್ಲಿತ್ತು. ಟೋಪಿ ಸಮೇತ ಎತ್ತಿ ಗಾಜಿಗೆ ಹೊಡೆದೆ. ಮೊದಲನೆಯದಕ್ಕೆ ಬಿರುಕು. ನನ್ನ ಮುಖ ಹೊಡೆದ ಜಾಗಕ್ಕೇ ಮತ್ತೆ ಹೊಡೆದೆ, ಮತ್ತೆ ಮತ್ತೆ, ಎರಡೂ ಪದರ ಕಿತ್ತು ಬರುವ ತನಕ. ಮಳೆ ಒಳಗೆ ಬಂತು. ಮುರಿದ ಗಾಜಿನ ನಡುವೆ ಪುಟ್ಟಿಯನ್ನು ಆಚೆ ಹಿಡಿದೆ, ಮಳೆಗೆ, ತಲೆ ಕೆಳಗೆ ಮಾಡಿ ಬೆನ್ನಿಗೆ ಹೊಡೆದೆ. ನನ್ನ ಮಗುವಿಗೆ ನಾನು ಹೊಡೆದೆ ಅತ್ತೆ. ಜೋರಾಗಿ. ಅವಳು ಬಾಯಿ ತೆಗೆದು ಕಿರುಚಿದಳು. ಆಮೇಲೆ ನಿಮ್ಮನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ಕಿಟಕಿಗೆ ಒರಗಿಸಿದೆ. ಕಣ್ಣು ಬಿಟ್ಟು ನೀವು ಮೊದಲು ಕೇಳಿದ್ದು, "ಚಿಲಕ ತೆಗೆದ್ನಾ?"

ತೆಗೆದಿರಲಿಲ್ಲ.

ನಾವಿಬ್ಬರೂ ಬಾಗಿಲ ಕಡೆ ನೋಡುತ್ತಾ ಕೂತೆವು. ಫೋನಿಗೆ ಸುದ್ದಿ ಹೋಗಿದೆ, ಈಗ ಬರುತ್ತಾನೆ ಅಂತ. ಅಷ್ಟರಲ್ಲಿ ಜೀಪು ಹೊರಟ ಸದ್ದು, ಹಾಲಿನ ಕಿಟಕಿ ಎಳೆದ ಸದ್ದು. ತಲೆಯ ಮೇಲೆ ಜಾಲರಿ ಹುಂ ಅಂತ ಶುರುವಾಯಿತು. ಒಂದು ಕಿಟಕಿ ತೆರೆದಿದ್ದರೂ ಓಡದ ಮಷೀನು! ಆಗ ಹೊಳೆಯಿತು. ರೆಕ್ಕೆ ಚೌಕಟ್ಟಿಗೆ, ರೆಕ್ಕೆಯೊಳಗಿನ ಆಯಸ್ಕಾಂತ ಡಬ್ಬಿಗೆ ಅಂಟಿಕೊಂಡೇ ಇದ್ದವು. ಅವನೇ ಸ್ಕ್ರೂ ಹೊಡೆದು ಭದ್ರ ಮಾಡಿದ್ದ. ಹೋದದ್ದು ಗಾಜು ಮಾತ್ರ. ಮಷೀನಿನ ಪ್ರಕಾರ ಕಿಟಕಿ ಮುಚ್ಚಿತ್ತು, ನಾನು ಒಳಗಿದ್ದೆ.

ನಿಮಗೂ ಹೊಳೆಯಿತು. ಸೀರೆ ಹರಿದು ಪುಟ್ಟಿಯನ್ನು ನನ್ನ ಎದೆಗೆ ಕಟ್ಟಿ, "ಹೋಗು. ಅವನು ಬಾಗಿಲು ತೆಗೆದಾಗ ಒಳಗೆ ಯಾರಾದ್ರೂ ಇರ್ಬೇಕು" ಅಂದಿರಿ.

ಅದೇ ಕಿಟಕಿಯಿಂದ ಇಳಿದು ಮರಿಯಮ್ಮನ ಮನೆಗೆ ಓಡಿದೆ, ಮುನ್ನಾ ಜೀಪು ತಂದ. ಈಗ ಅವನು, ನಿಮ್ಮ ಮಗ, ದೂರು ಕೊಟ್ಟಿದ್ದಾನೆ. ನಾನೇ ಕೆಂಡ ಇಟ್ಟು ಮಗುವನ್ನೂ ನಿಮ್ಮನ್ನೂ ಕೊಲ್ಲಲು ನೋಡಿ ಮುಂಬಾಗಿಲಿನಿಂದ ಓಡಿಹೋದೆನಂತೆ. ಚಿಲಕ ಹಾಕಿಯೇ ಇರಲಿಲ್ಲವಂತೆ. ಸಂಜೆಯೊಳಗೆ ಹೊಸ ಗಾಜು ಕೂರಿಸಿದ್ದಾನೆ, ಸ್ಕ್ರೂ ತೂತಿಗೆ ಲಪ್ಪ ಮೆತ್ತಿದ್ದಾನೆ. ಫೋನು ತೋರಿಸುತ್ತಾನೆ, ಆ ದಿನ ನನ್ನ ರೂಮಿನ ಕಿಟಕಿ ಒಂದು ಸಲವೂ ತೆರೆದಿಲ್ಲ ಅಂತ. ಗಾಜಿನ ವಿಷಯ ಬುಷ್ರಾ ಪೊಲೀಸರಿಗೆ ವಿವರಿಸಿದಳು. ಗೆಳತಿಯಲ್ಲವಾ, ಹೇಳಿಯೇ ಹೇಳುತ್ತಾಳೆ ಅಂದುಕೊಂಡ ಹಾಗಿತ್ತು. ಪುಟ್ಟಿಯನ್ನು ಅವನ ಕೈಗೆ ಕೊಡಬೇಕು ಅಂತ ಕೇಳಿದ್ದಾನೆ.

ಚಿಲಕದ ಆ ಕಡೆ ಇದ್ದದ್ದು ಅವನು. ಈ ಕಡೆ ಇದ್ದದ್ದು ನಾವಿಬ್ಬರು. ಅವನು ನಿಮ್ಮ ಮಗ, ನನಗೆ ಗೊತ್ತು. ನನಗೂ ಈಗ ಮಗಳಿದ್ದಾಳೆ, ಅದಕ್ಕೇ ಗೊತ್ತು. ಕೇಳುವುದಕ್ಕೆ ಬಾಯಿ ಬರುತ್ತಿಲ್ಲ. ಆದರೂ ಕೇಳುತ್ತಿದ್ದೇನೆ.

ನಿಮ್ಮ ಸೊಸೆ,
ಮೇಘಶ್ರೀ


ಬಣಕಲ್
2 ಸೆಪ್ಟೆಂಬರ್

ಮೇಘಾ,

ಏಳನೇ ಕ್ಲಾಸು ಓದಿದೋಳು ನಾನು, ಅಕ್ಷರ ಕೋಳಿಕಾಲು. ಸುಧಾರಿಸ್ಕೊಂಡು ಓದು. ಪುಟ್ಟಿ ಹಾಲು ಕುಡೀತಾಳೆ ಅಂತ ಬರೆದದ್ದನ್ನ ಮರಿಯಮ್ಮನಿಗೆ ಎರಡು ಸಲ ಓದಿ ಹೇಳ್ದೆ. ಅವಳಿಗೆ ಒಂದೇ ಸಲಕ್ಕೆ ಅರ್ಥ ಆಗಿತ್ತು.

ಅವತ್ತು ನೀನು ಹೋದ ಮೇಲೆ ಅವನು ಬಾಗಿಲು ತೆಗೆದ. ಒಡೆದ ಕಿಟಕಿ ನೋಡಿದ, ನನ್ನ ನೋಡಿದ. ನನ್ನ ಎಡಗಿವಿ ಮೇಲೆ ಹೊಡೆದ. ಅಮ್ಮನ ಮೇಲೆ ಕೈ ಮಾಡಿದ್ದು ಅದೇ ಮೊದಲು ಅಂತ ಬರೆಯೋಕೆ ಹೊರಟಿದ್ದೆ. ಸುಳ್ಳು ಯಾಕೆ. ಬಲಗಿವಿ ಅವರಪ್ಪನದು. ಎಡಗಿವಿ ಇವನದು, ಸ್ವಲ್ಪ ಸ್ವಲ್ಪ ಕೇಳುತ್ತೆ ಇನ್ನೂ.

ನಿನ್ನ ಕಾಗದ ಬಂದ ಮೇಲೆ ಬಹಳ ದಿನ ಸುಮ್ಮನೆ ಇದ್ದೆ. ಹೆತ್ತ ಹೊಟ್ಟೆ ಕಣಮ್ಮ. ಇದೇ ಬಾಣಲೆಯಲ್ಲಿ ಅವನಿಗೆ ಹೊಗೆ ಹಾಕಿದ್ದೆ. ಗಟ್ಟಿ ಆಗ್ಲಿ ಅಂತ ಇದೇ ಕಲ್ಲು ಅವನ ತೊಟ್ಟಿಲಿಗೂ ಇಟ್ಟಿದ್ದೆ. ಆದ.

ಮೊನ್ನೆ ಠಾಣೆಯಿಂದ ಬಂದ್ರು. ಎಸ್ಐ ಒಬ್ಬಳು ಹೆಣ್ಣುಮಗಳು, ಜೊತೆಗೆ ಇಬ್ಬರು. ಇವನು ಕಾಫಿ ಮಾಡ್ಸಿ, ಬಿಸ್ಕತ್ತು ಇಟ್ಟು, ಹಾಲಿನಲ್ಲಿ ಕೂರಿಸ್ಕೊಂಡು ಫೋನು ತೋರಿಸ್ತಾ ಇದ್ದ. "ನೋಡಿ ಮೇಡಂ, ಈಗ್ಲೂ ನೋಡಿ, ಎಲ್ಲಾ ಕಿಟಕಿ ಮುಚ್ಚಿದೆ. ಇದು ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ." ಆ ಹುಡುಗಿ ಬರ್ಕೊಳ್ತಾ ಇದ್ದಳು. ನನ್ನ ಕಡೆ ತಿರುಗಿ, "ಅಮ್ಮಾ, ಅವತ್ತು ಚಿಲಕ ಇತ್ತಾ?" ಅಂದಳು. ಇವನು ನನ್ನನ್ನೇ ನೋಡಿದ. ಅವರಪ್ಪನ ಕಣ್ಣು.

ನಾನು ಎದ್ದು ನಿನ್ನ ರೂಮಿಗೆ ಹೋದೆ. ಹೆದರಿ ಒಳಗೆ ಹೋದಳು ಅಂದ್ಕೊಂಡಿರಬೇಕು. ಗುಂಡುಕಲ್ಲು ಎತ್ಕೊಂಡು ಬಂದೆ. ಪುಟ್ಟಿ ಟೋಪಿ ಅದರ ಮೇಲೆ ಹಾಗೇ ಇತ್ತು, ಗಾಜು ತಾಗಿ ಹರಿದಿತ್ತು.

"ಅಮ್ಮಾ, ಅದ್ಯಾಕೆ ಈಗ?" ಅಂದ.

"ಫೋನು ನೋಡ್ತಾ ಇರು ಮಗ" ಅಂದೆ.

ಅವನು ಸಿಗರೇಟು ಸೇದೋ ಕಿಟಕಿಗೇ ಹೊಡೆದೆ. ಈ ವಯಸ್ಸಿಗೆ ಇಷ್ಟು ಕಸು ಎಲ್ಲಿತ್ತೋ. ಒರಳು ತಿರುಗಿಸಿದ ಕೈ. ಎರಡೂ ಪದರ ಒಟ್ಟಿಗೆ ಚೂರಾಗಿ ಒಳಗೂ ಹೊರಗೂ ಬಿತ್ತು. ಬಿಸ್ಕತ್ತಿನ ತಟ್ಟೆಗೆ ಮಳೆ ಬಿತ್ತು. ಮಷೀನು ಹುಂ ಅಂತಾನೇ ಇತ್ತು. ಎಸ್ಐ ಅವನ ಕೈಯಿಂದ ಫೋನು ತಗೊಂಡು ನೋಡಿದಳು, ಒಡೆದ ಕಿಟಕಿ ನೋಡಿದಳು, ಮತ್ತೆ ಫೋನು ನೋಡಿದಳು. ಗಟ್ಟಿಯಾಗಿ ಓದಿದಳು: "ಎಲ್ಲಾ ಕಿಟಕಿ ಮುಚ್ಚಿದೆ."

ಆಗ ಹೇಳ್ದೆ. "ಚಿಲಕ ಇತ್ತು. ಹೊರಗಿನಿಂದ ಇತ್ತು. ಒಳಗೆ ನನ್ನ ಸೊಸೆ ಬಡಿದಳು, ಇವನು ನಕ್ಕ. ಒಳಗೆ ನಾನೂ ಇದ್ದೆ." ನಿನ್ನ ರೂಮಿಗೆ ಕರ್ಕೊಂಡು ಹೋಗಿ ತಲೆಪಿನ್ನಿನಿಂದ ಲಪ್ಪ ಕೆರೆದು ಸ್ಕ್ರೂ ತೂತು ತೋರಿಸಿದೆ.

ಅವನು ಅವರ ಎದುರಿಗೇ ನನ್ನ ಕುತ್ತಿಗೆಗೆ ಕೈ ಹಾಕಿದ. ಅದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಇಬ್ಬರೂ ಸೇರಿ ನೆಲಕ್ಕೆ ಒತ್ತಿ ಹಿಡಿದ್ರು, ಗಾಜಿನ ಚೂರಿನ ಮೇಲೆ. ಕೆನ್ನೆ ಕೊಯ್ದುಕೊಂಡು ಅಮ್ಮಾ ಅಮ್ಮಾ ಅಂತ ಕೂಗ್ತಿದ್ದ. ಸಣ್ಣವನಿದ್ದಾಗ ಹಾಗೇ ಕೂಗ್ತಿದ್ದ. ನಾನು ಹೋಗಲಿಲ್ಲ. ಪಕ್ಕದ ಕಿಟಕಿಗೆ ಹೋದೆ.

"ಒಂದು ಸಾಕಿತ್ತಮ್ಮಾ, ಗೊತ್ತಾಯ್ತು ನಮಗೆ" ಅಂದಳು ಆ ಹುಡುಗಿ.

ನನಗೆ ಸಾಕಾಗಿರಲಿಲ್ಲ. ಹಾಲು ಮುಗಿಸಿ ಅಡಿಗೆಮನೆ, ಬಚ್ಚಲು, ಅವನ ರೂಮು, ಕೊನೇಗೆ ನಿನ್ನ ರೂಮಿನ ಹೊಸ ಗಾಜು. ಯಾರೂ ತಡೀಲಿಲ್ಲ. ಜೀಪು ಹೊರಡೋವಾಗ್ಲೂ ಒಡೀತಾನೇ ಇದ್ದೆ. ಈಗ ಮನೆ ತುಂಬ ಮಳೆ ಸದ್ದು, ನನ್ನ ಕಿವಿಗೂ ಕೇಳುತ್ತೆ. ಎಲ್ಲಾ ಜಾಲರಿ ತೊಟ್ಟಿಕ್ಕುತ್ತಿದೆ. ಮಷೀನು ಇನ್ನೂ ಒಣಗಿಸ್ತಾ ಇದೆ, ಕುದುರೆಮುಖದ ತನಕ ಇರೋ ಗಾಳೀನೆಲ್ಲ.

ಪುಟ್ಟಿಯನ್ನು ಯಾರ ಕೈಗೂ ಕೊಡೋ ಮಾತಿಲ್ಲ ಅಂತ ಎಸ್ಐ ಹೇಳಿ ಹೋಗಿದ್ದಾಳೆ. ಆದ್ರೆ ಇವನಿಗೆ ಜಾಮೀನು ಸಿಗುತ್ತಂತೆ, ಹೆಚ್ಚು ದಿನ ಆಗಲ್ಲ ಅಂತ ವಕೀಲರು. ನೀನು ಈ ಕಡೆ ಬರಬೇಡ. ನನ್ನ ಕರೀಬೇಡ, ನಾನೂ ಬರಲ್ಲ. ಅವನು ಬಂದು ಬಾಗಿಲು ತೆಗೆದಾಗ ಒಳಗೆ ಯಾರಾದ್ರೂ ಇರ್ಬೇಕು.

ಪುಟ್ಟಿಗೆ ಹೊಸ ಟೋಪಿ ಹೆಣೆದು ಮರಿಯಮ್ಮನ ಕೈಯಲ್ಲಿ ಕಳಿಸಿದ್ದೇನೆ. ಕಲ್ಲು ಕಳಿಸಿಲ್ಲ. ನನಗೆ ಬೇಕು.

ಆಶೀರ್ವಾದ,
ತುಂಗಮ್ಮ